ಕೌನ್ಸೆಲಿಂಗ್‌ಗೆ ಹೋಗುವ ಬಳ್ಳಾರಿಯವರು ದುಡ್ಡು ಕಟ್ಟುವ ಮೊದಲು ಓದಿ

‘ನಮ್ಮದು ರಿಲೇಷನಲ್ ಥೆರಪಿ, ಇಲ್ಲಿ ಸಂಬಂಧವೇ ಔಷಧ’ ಎಂದು ಹೇಳಿ ಯಾರಾದರೂ ಆರು ತಿಂಗಳ ಫೀಸನ್ನು ಒಟ್ಟಿಗೆ ಕೇಳಿದರೆ ಸ್ವಲ್ಪ ತಡೆಯಿರಿ. ನಾನು ಹೋಗಿದ್ದವರ ಹೆಸರು ಹೇಳುವುದಿಲ್ಲ, ಜಗಳ ಬೇಕಿಲ್ಲ.

ಅಪ್ಪ ತೀರಿಕೊಂಡ ಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ. ಖಿನ್ನತೆಯ ಮಾತ್ರೆ ಬರೆದುಕೊಟ್ಟ ಡಾಕ್ಟರೇ ಥೆರಪಿಗೂ ಹೋಗಿ ಎಂದಿದ್ದರು. ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಸರ್ ತಮ್ಮ ಕಥೆ ಶುರು ಮಾಡಿದರು. ಹೆಂಡತಿ ಜೊತೆ ಜಗಳ, ಸಾಲ, ಅಣ್ಣತಮ್ಮಂದಿರ ಪಾಲು. ನನ್ನ ಗಂಟೆಯಲ್ಲಿ ಅರ್ಧ ಅವರದೇ. ನಾನು ಕೆಲಸಕ್ಕೆ ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲಿಗೆ ಹೋಗುವುದು ಗೊತ್ತಾದ ಮೇಲಂತೂ, ಅಕ್ಕನ ಮಗನಿಗೆ ಅಲ್ಲೊಂದು ಕೆಲಸ ನೋಡಿ ಎಂದು ರಾತ್ರಿ ಹೊತ್ತು ವಾಟ್ಸಾಪ್. ಆಗಲ್ಲ ಎಂದರೆ ಮುಂದಿನ ವಾರ ಅದೇ ಮನುಷ್ಯನ ಎದುರು ಕೂತು ಅಪ್ಪನ ವಿಷಯ ಹೇಗೆ ಮಾತಾಡುವುದು?

ಬೇಜಾರಾಯಿತು ಎಂದು ನೇರವಾಗಿಯೇ ಹೇಳಿದೆ. ‘ನಿಮಗೆ ಯಾರನ್ನೂ ನಂಬಕ್ಕಾಗಲ್ಲ, ಅಪ್ಪನ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸ್ತಿದ್ದೀರಿ’ ಎಂದರು. ಬಾಯಿ ಮುಚ್ಚಿಸಲು ಇಷ್ಟು ಸಾಕಲ್ವಾ?

ಪದ್ಧತಿಯೇ ಕೆಟ್ಟದು ಅಂದುಕೊಳ್ಳಬೇಡಿ. ಜನರ ಜೊತೆ ನಮಗೆ ಹೊರಗೆ ಆಗುವ ತೊಡಕು ಆ ಕೋಣೆಯೊಳಗೂ ತಲೆ ಎತ್ತುತ್ತದೆ. ಅದನ್ನು ಅಲ್ಲೇ ಇಬ್ಬರೂ ಸೇರಿ ಬಿಡಿಸಿ ನೋಡುವುದು ರಿಲೇಷನಲ್ ಥೆರಪಿ. ಇಂಥ ಕಡೆ ‘ನೋವಾಯಿತು’ ಎಂದಾಗ, ತನ್ನಿಂದ ಏನಾಯಿತು ಎಂದು ಥೆರಪಿಸ್ಟ್ ಮೊದಲು ಕೇಳಿಕೊಳ್ಳಬೇಕು. ತಮ್ಮ ಬಗ್ಗೆ ಒಂದು ಮಾತು ಹೇಳಿದರೂ ಅದು ನಮ್ಮ ಉಪಯೋಗಕ್ಕಿರಬೇಕು. ಸಂಬಂಧದ ಮೇಲೇ ಕೆಲಸ ನಡೆಯುವುದರಿಂದ ಸಮಯ, ಫೀಸು, ಫೋನು ಎಲ್ಲದರ ಗೆರೆ ಇನ್ನೂ ಬಿಗಿ ಇರಬೇಕು. ಬಂದವರ ಹತ್ತಿರ ಕೆಲಸ ಕೊಡಿಸಿ ಎನ್ನುವುದು ಯಾವ ಥೆರಪಿಯಲ್ಲೂ ಇಲ್ಲ.

ನಾನು ಅವರ ಹತ್ತಿರ ಹೋಗುವುದನ್ನು ಬಿಟ್ಟಿದ್ದು ಮಾತ್ರೆ ವಿಷಯಕ್ಕೆ. ‘ಇನ್ನು ನಿಲ್ಲಿಸಿಬಿಡಿ’ ಎಂದರು. ಅವರು ಡಾಕ್ಟರಲ್ಲ. ಖಿನ್ನತೆಯ ಮಾತ್ರೆ ದಿಢೀರನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ ಶುರುವಾಗಬಹುದು. ಬರೆದುಕೊಟ್ಟ ಡಾಕ್ಟರೇ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಉಳಿದ ಫೀಸು ವಾಪಸ್ ಕೇಳಿದಾಗ ‘ರಸೀದಿ ಇದೆಯಾ’ ಎಂದರು. ಕೊಟ್ಟಿದ್ದರೆ ತಾನೇ ಇರೋದು!

ಬೋರ್ಡಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದಿದ್ದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ನಂಬರ್ ಕೇಳಿ. ಬರೀ ಕೌನ್ಸೆಲರ್ ಎಂದಿದ್ದರೆ ಎಲ್ಲಿ ಓದಿದ್ದು, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಎಂದು ಕೇಳಿ. ಸರಿಯಾದವರು ಸಿಟ್ಟಾಗುವುದಿಲ್ಲ. ದುಡ್ಡು ಆಯಾ ಸಲದ್ದು ಆಯಾ ಸಲ ಕೊಡಿ, ರಸೀದಿ ತಗೊಳ್ಳಿ.

ಅಂದಹಾಗೆ, 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯನ್ನು ನಡೆಸಿ ನೋಡಿದ್ದು ನಮ್ಮ ಬಳ್ಳಾರಿಯಲ್ಲೇ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಹಾಗಾಗಿ ಖಾಸಗಿ ಬೋರ್ಡು ಹುಡುಕುವ ಮೊದಲು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಒಮ್ಮೆ ಕಾಣಿ. ರಾತ್ರಿ ತಡೆಯಲಾಗದಷ್ಟು ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.