ಲಾಳ ಬಿಚ್ಚಿದ ಮೇಲೆ: ಗಾಡಿ ಕುದುರೆಗಳ ಗೊರಸಿಗೆ ಮನೆಬಾಗಿಲಿನ ಸೇವೆ

ಮೈಸೂರಿನಲ್ಲಿ ಟಾಂಗಾ ಮತ್ತು ಸಾರೋಟು ಎಳೆಯುವ ಕುದುರೆಗಳಿಗೆ ಲಾಳ ಕಟ್ಟುವವರು ಇಂದಿಗೂ ಸಿಗುತ್ತಾರೆ. ಆದರೆ ಲಾಳ ಬಿಚ್ಚಿ, ಗೊರಸನ್ನು ಬರಿಗಾಲಿಗೆ ಒಗ್ಗುವಂತೆ ಕತ್ತರಿಸಿ ಅರದಿಂದ ಉಜ್ಜಿ, ಮುಂದಿನ ತಿಂಗಳುಗಳಲ್ಲಿಯೂ ತಪ್ಪದೆ ಬಂದು ನೋಡಿಕೊಳ್ಳುವವರು ಅಪರೂಪ. ನಮ್ಮ ಲಾಯದ ಎರಡು ಕುದುರೆಗಳಿಗೆ ಅಂಥ ಒಬ್ಬರ ಸೇವೆಯನ್ನು ಕಳೆದ ಮಳೆಗಾಲದಿಂದ ಪಡೆಯುತ್ತಿದ್ದೇವೆ. ಹೆಸರು ಬರೆಯುವುದು ಬೇಡವೆಂದು ಅವರೇ ಕೇಳಿಕೊಂಡಿರುವುದರಿಂದ ಇಲ್ಲಿ ಕೆಲಸದ ವಿಚಾರವನ್ನಷ್ಟೇ ಬರೆಯುತ್ತೇನೆ. ಕೆಲಸ ಉತ್ತಮವಾಗಿದೆ, ಹಾಗೆಂದು ಎಲ್ಲ ಕುದುರೆಗೂ, ಎಲ್ಲ ಕಾಲಿಗೂ ಇದು ಒಗ್ಗುತ್ತದೆಂದಲ್ಲ. ಈ ಮಾತನ್ನು ಗಿರಾಕಿ ಕೇಳುವ ಮೊದಲೇ ಅವರು ಹೇಳಿಬಿಟ್ಟದ್ದರಿಂದಲೇ ನನಗೆ ಅವರ ಮೇಲೆ ವಿಶ್ವಾಸ ಬಂದಿತು.

ಮೊದಲ ಭೇಟಿಯಲ್ಲಿ ಅವರು ಬಹಳ ಹೊತ್ತು ಚಾಕುವನ್ನೇ ಹೊರತೆಗೆಯಲಿಲ್ಲ. ಕುದುರೆಯನ್ನು ಗಟ್ಟಿ ನೆಲದ ಮೇಲೆ ನಡೆಸಿ, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕಾಲೂರುವಾಗ ಹಿಮ್ಮಡಿ ಮೊದಲು ತಾಗುತ್ತದೆಯೋ ಮುಂತುದಿ ಮೊದಲು ತಾಗುತ್ತದೆಯೋ ಎಂದು ನೋಡಿದರು. ನೋವಿಲ್ಲದ ಕಾಲು ಸಾಮಾನ್ಯವಾಗಿ ಹಿಮ್ಮಡಿಯನ್ನೇ ಮೊದಲು ಊರುತ್ತದೆ. ಬಳಿಕ ಗಿಣ್ಣಿನ ಹಿಂಬದಿಯ ಎರಡೂ ಪಕ್ಕಗಳಲ್ಲಿ ಬೆರಳಿಟ್ಟು ನಾಡಿ ಹಿಡಿದರು. ಅಲ್ಲಿ ನಾಡಿ ಜೋರಾಗಿ ಬಡಿಯುತ್ತಿದ್ದು ಗೊರಸು ಬಿಸಿಯಾಗಿದ್ದರೆ ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತ, ಇರಬಹುದಾದ್ದರಿಂದ, ಅಂಥ ಕುದುರೆಯನ್ನು ತಾವು ಮುಟ್ಟುವುದಿಲ್ಲ, ಮೊದಲು ಪಶುವೈದ್ಯರನ್ನು ಕರೆಸಬೇಕು ಎಂದರು. ನಮ್ಮ ಬೂದು ಬಣ್ಣದ ಹೆಣ್ಣು ಕುದುರೆಗೆ ಆ ತೊಂದರೆ ಇರಲಿಲ್ಲ, ಆದರೆ ಬೇರೆ ತೊಂದರೆಗಳಿದ್ದವು. ಗೊರಸಿಗೆ ಲಾಳವನ್ನು ಹೊಂದಿಸುವ ಬದಲು ಸಿಕ್ಕ ಲಾಳದ ಅಳತೆಗೆ ಗೊರಸನ್ನೇ ಉಜ್ಜಿಬಿಡುವ ರೂಢಿ ಹಲವೆಡೆ ಇದೆ. ಹಿಂದೆ ನಮ್ಮಲ್ಲಿಗೆ ಬರುತ್ತಿದ್ದವರದೂ ಅದೇ ಕ್ರಮ. ಅದರ ಫಲವಾಗಿ ಮುಂತುದಿ ಉದ್ದವಾಗಿ ಚಾಚಿಕೊಂಡು, ಹಿಮ್ಮಡಿ ಕುಸಿದು, ಗೋಡೆಯ, ಅಂದರೆ ಗೊರಸಿನ ಹೊರಗಿನ ಗಟ್ಟಿ ಪದರದ, ತುಂಬ ಹಳೆಯ ಮೊಳೆಗಳ ತೂತುಗಳು ಉಳಿದಿದ್ದವು.

ಲಾಳ ಬಿಚ್ಚುವುದರಲ್ಲಿಯೇ ಅವರ ಕೈಯ ನಯ ಕಾಣಿಸಿತು. ಗೋಡೆಯ ಹೊರಬದಿಗೆ ಬಾಗಿಸಿದ ಮೊಳೆಯ ತುದಿಗಳನ್ನು ಮೊದಲು ಅರದಿಂದ ಉಜ್ಜಿ ತೆಗೆದು, ಇಕ್ಕಳದಿಂದ ಒಂದೊಂದೇ ಮೊಳೆಯನ್ನು ನೇರವಾಗಿ ಎಳೆದರು. ಲಾಳವನ್ನು ಒಮ್ಮೆಲೇ ಮೀಟಿದ್ದರೆ ತೂತು ಬಿದ್ದ ಗೋಡೆ ಚೂರುಚೂರಾಗಿ ಕಿತ್ತುಬರುತ್ತಿತ್ತು. ಅಂಗಾಲನ್ನು ಕೊಕ್ಕೆಯಿಂದ ಕೆದಕಿದಾಗ ನಡುವಿನ ಸೀಳಿನಿಂದ ಕರಿಯ ಲೋಳೆ ಹೊರಬಂದು, ಪಕ್ಕದಲ್ಲಿ ನಿಂತವರೆಲ್ಲ ಮೂಗು ಮುಚ್ಚಿಕೊಳ್ಳುವಷ್ಟು ನಾತ ಹೊಡೆಯಿತು. ಅದು ಥ್ರಶ್ ಎಂಬ ಸೋಂಕು. ಅಂಗಾಲಿನ ನಡುವಿನ ಮೂರು ಮೂಲೆಯ ಮೆತ್ತನೆಯ ಭಾಗವನ್ನು, ಅಂದರೆ ಫ್ರಾಗನ್ನು, ಅಂದವಾಗಿ ಕಾಣಲೆಂದು ಕೆತ್ತಿ ಬೆಳ್ಳಗೆ ಮಾಡುವವರನ್ನು ನಾನು ಕಂಡಿದ್ದೇನೆ. ಇವರು ಕೊಳೆತು ಜೋತುಬಿದ್ದ ಪದರನ್ನಷ್ಟೇ ತೆಗೆದು ಉಳಿದುದನ್ನು ಹಾಗೆಯೇ ಬಿಟ್ಟರು. ಕಾಲೂರಿದಾಗ ಬೀಳುವ ಪೆಟ್ಟನ್ನು ತಡೆದುಕೊಳ್ಳುವುದರಲ್ಲಿ ಆ ಭಾಗಕ್ಕೂ ಪಾಲಿದೆ. ಅಂಗಾಲಿನ ದಪ್ಪವಂತೂ ಬರಿಗಾಲಿನ ಕುದುರೆಗೆ ಇರುವ ಮುಖ್ಯ ರಕ್ಷಣೆಗಳಲ್ಲೊಂದು. ಗೋಡೆಯನ್ನು ಅಂಗಾಲಿನ ಮಟ್ಟಕ್ಕೆ ಇಳಿಸಿ, ನೆಲಕ್ಕೆ ತಾಗುವ ಅಂಚನ್ನು ಸುತ್ತಲೂ ಓರೆಯಾಗಿ ಉಜ್ಜಿ ದುಂಡಗೆ ಮಾಡಿದರು. ಚೂಪಾಗಿ ಬಿಟ್ಟ ಅಂಚು ಕಲ್ಲಿಗೆ ತಾಗಿ ಸಿಡಿಯುತ್ತದೆ, ದುಂಡಗೆ ಮಾಡಿದ ಅಂಚು ಸುಲಭಕ್ಕೆ ಸಿಡಿಯುವುದಿಲ್ಲ.

ಕುಸಿದ ಹಿಮ್ಮಡಿಯನ್ನು ಒಂದೇ ಸಲಕ್ಕೆ ಸರಿಪಡಿಸುವ ಮಾತನ್ನು ಅವರು ಆಡಲಿಲ್ಲ. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಕೂದಲಂಚಿನಿಂದ ಮುಂತುದಿಯವರೆಗೆ ಹೊಸ ಗೋಡೆ ಇಳಿದುಬರಲು 9ರಿಂದ 12 ತಿಂಗಳು ಬೇಕು. ಆದ್ದರಿಂದ 4ರಿಂದ 6 ವಾರಗಳಿಗೊಮ್ಮೆ ಸ್ವಲ್ಪಸ್ವಲ್ಪವೇ ತೆಗೆಯುವುದು ಅವರ ಕ್ರಮ. ಪ್ರತಿ ಸಲವೂ ಏನೋ ದೊಡ್ಡ ಕೆಲಸವಾದಂತೆ ಕಾಣಬೇಕೆಂದು ಬಯಸುವ ಯಜಮಾನರಿಗೆ ಇದು ನಿರಾಸೆ ತರಬಹುದು.

ನಮ್ಮ ಗಾಡಿ ಹೊಡೆಯುವವರು ಕೇಳಿದ್ದು ಒಂದೇ ಪ್ರಶ್ನೆ: "ಭಾಯ್, ಡಾಂಬರಿನ ಮೇಲೆ ಬರಿಗಾಲು ನಡೆಯುತ್ತದೆಯೇ?" ಅವರ ಉತ್ತರ ಹೀಗಿತ್ತು: "ನಡೆಯುವುದು ಬೇರೆ, ಗಾಡಿ ಎಳೆಯುವುದು ಬೇರೆ ಅಣ್ಣಾ. ಈಗ ಹಿಂದಿನ ಕಾಲು ಮಾತ್ರ ಬರಿದಾಗಿ ಇರಲಿ. ಮುಂದಿನದಕ್ಕೆ ಹೊಸ ಲಾಳ ಹಾಕುತ್ತೇನೆ, ಆಮೇಲೆ ನೋಡೋಣ." ಬರಿಗಾಲಿನ ಪರ ವಾದಿಸುವವರು ಅಮೆರಿಕದ ಹ್ಯೂಸ್ಟನ್ ಪೊಲೀಸರ ಅಶ್ವದಳವನ್ನು ಉದಾಹರಿಸುತ್ತಾರೆ, ಅಲ್ಲಿನ ಕುದುರೆಗಳು ಲಾಳವಿಲ್ಲದೆಯೇ ನಗರದ ಗಟ್ಟಿ ಬೀದಿಗಳಲ್ಲಿ ಗಸ್ತು ತಿರುಗಿವೆ. ಆದರೆ ಸವಾರನನ್ನು ಹೊತ್ತು ನಿಧಾನವಾಗಿ ನಡೆಯುವ ಕುದುರೆಗೂ, ತುಂಬಿದ ಗಾಡಿಯನ್ನು ಎಳೆಯಲು ಗೊರಸನ್ನು ನೆಲಕ್ಕೆ ಒತ್ತಿ, ಇಳಿಜಾರಿನಲ್ಲಿ ಅದೇ ಭಾರವನ್ನು ತಡೆಹಿಡಿಯುವ ಕುದುರೆಗೂ ಸವೆತ ಒಂದೇ ಆಗಿರುವುದಿಲ್ಲ. ಬೆಳವಣಿಗೆಗಿಂತ ಸವೆತ ಹೆಚ್ಚಾದರೆ ಬರಿಗಾಲು ಹಿಂಸೆಯಾಗುತ್ತದೆ. ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆಯೇ ಬೀಳುವುದರಿಂದ, ಹಿಂಗಾಲಿನಿಂದ ಆರಂಭಿಸಿದ್ದು ನನಗೆ ವಿವೇಕದ ನಿರ್ಧಾರವಾಗಿ ಕಂಡಿತು. ನಮ್ಮ ಬೂದು ಕುದುರೆ ಇಂದಿಗೂ ಮುಂಗಾಲಿಗೆ ಲಾಳ ತೊಟ್ಟೇ ಸಾರೋಟು ಎಳೆಯುತ್ತಿದೆ. ಮೆತ್ತನೆಯ ಅಂಕಣದಲ್ಲಿ ಮಕ್ಕಳಿಗೆ ಸವಾರಿ ಕಲಿಸುವ ಇನ್ನೊಂದು ಕುದುರೆಗೆ ನಾಲ್ಕೂ ಕಾಲು ಬರಿದಾಗಿದ್ದು, ಅದು ಸುಖವಾಗಿದೆ. ರಬ್ಬರಿನ ಗೊರಸುಬೂಟು ತರಿಸಬೇಕೆಂದಿರುವವರು ಗೊರಸು ಕತ್ತರಿಸಿದ ದಿನವೇ ಅದರ ಉದ್ದ ಅಗಲಗಳ ಅಳತೆ ತೆಗೆದಿಡುವುದು ಒಳ್ಳೆಯದು. ಬೆಳೆದ ಗೊರಸಿನ ಅಳತೆಗೆ ತರಿಸಿದ ಬೂಟು ಆಮೇಲೆ ಸಡಿಲವಾಗಿ ತಿರುಗಿಕೊಂಡು ಚರ್ಮ ಸುಲಿಯುತ್ತದೆ.

ಕತ್ತರಿಸುವ ಕೆಲಸಕ್ಕಿಂತ ಹೆಚ್ಚಿನ ಹೊತ್ತು ಅವರು ಲಾಯವನ್ನು ನೋಡುತ್ತಾ ಕಳೆದರು. ಗಂಜಲ ಇಂಗದೆ ನಿಲ್ಲುವ ಮೂಲೆಯನ್ನು ತೋರಿಸಿ, ಅದು ಒಣಗದ ಹೊರತು ಥ್ರಶ್‌ಗೆ ಯಾವ ಔಷಧಿಯೂ ನಾಟದು ಎಂದರು. ನಾವು ಅಲ್ಲಿ ಇಳಿಜಾರು ಮಾಡಿ ಚರಂಡಿ ತೆಗೆಸಿದೆವು. ದಿನವೂ ಸೀಳನ್ನು ಕೆದಕಿ, ಒರೆಸಿ, ನೀರು ಬೆರೆಸಿದ ಪೊವಿಡೋನ್ ಅಯೊಡಿನ್ ಎಂಬ ಸೋಂಕುನಿವಾರಕ ಹಚ್ಚಿದ ಮೇಲೆ ನಾತ ಹೋಯಿತು. ಅಂಗಳದಲ್ಲಿ ಗುಂಡುಕಲ್ಲು ಹರಡಿ ಕುದುರೆಯನ್ನು ಅದರ ಮೇಲೆ ನಿಲ್ಲಿಸಬೇಕೆಂಬುದು ಅವರ ಇನ್ನೊಂದು ಸಲಹೆ. ಗ್ರೀಕ್ ಸೇನಾನಿ ಕ್ಸೆನೊಫೋನ್ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಗೊರಸು ಗಟ್ಟಿಮಾಡಲು ಇದೇ ಉಪಾಯ ಸೂಚಿಸಿದ್ದನೆಂಬುದು ಅವರಿಗೆ ತಿಳಿದಂತಿರಲಿಲ್ಲ. ಅವರಿಗೆ ಅದು ತಂದೆಯಿಂದ ಬಂದ ಪಾಠ. ಹುರುಳಿ ಬೂಸಾಗಳನ್ನು ಒಂದೇ ಹೊತ್ತಿಗೆ ಸುರಿಯದೆ ಹಂಚಿ ಕೊಡಲು, ಹುಲ್ಲನ್ನು ಹೆಚ್ಚಿಸಲು ಹೇಳಿದರು. ಬಯೋಟಿನ್ ಎಂಬ ವಿಟಮಿನ್ ಕೊಡುವುದಾದರೆ ಹಲವು ತಿಂಗಳು ಬಿಡದೆ ಕೊಡಬೇಕು, ಏಕೆಂದರೆ ಅದು ಹೊಸದಾಗಿ ಬೆಳೆಯುವ ಗೋಡೆಗೆ ಮಾತ್ರ ಉಪಯೋಗ, ಒಡೆದುಹೋದುದನ್ನು ಕೂಡಿಸುವುದಿಲ್ಲ.

ಕೊರತೆಗಳೂ ಇವೆ. ಅವರು ಏನನ್ನೂ ಬರೆದಿಡುವುದಿಲ್ಲ. ಯಾವ ಕಾಲಿನಿಂದ ಎಷ್ಟು ತೆಗೆದರೆಂಬುದು ಅವರ ನೆನಪಿನಲ್ಲಿಯೇ ಉಳಿಯುತ್ತದೆ. ಹಾಗಾಗಿ ಪ್ರತಿ ಸಲ ಪಕ್ಕದಿಂದಲೂ ಅಡಿಯಿಂದಲೂ ಫೋಟೊ ತೆಗೆದಿಡುವ ಕೆಲಸವನ್ನು ನಾವೇ ಹಚ್ಚಿಕೊಂಡಿದ್ದೇವೆ. ದಸರೆಯ ಹೊತ್ತಿಗೆ ಅವರು ಕೈಗೆ ಸಿಗುವುದಿಲ್ಲ, ಗಾಡಿ ಕುದುರೆಗಳಿಗೆ ಅತಿ ಹೆಚ್ಚು ದುಡಿತ ಇರುವುದೂ ಅದೇ ಹೊತ್ತಿನಲ್ಲಿ. ಶುಲ್ಕ ನಾಲ್ಕೂ ಕಾಲಿಗೆ ಹೊಸ ಲಾಳ ಹಾಕಿಸುವ ವೆಚ್ಚದ ಅರ್ಧದಷ್ಟಾಗುತ್ತದೆ, ಆದರೆ ಭೇಟಿಗಳು ಹೆಚ್ಚಾಗುವುದರಿಂದ ವರ್ಷದ ಲೆಕ್ಕದಲ್ಲಿ ದೊಡ್ಡ ಉಳಿತಾಯವೇನೂ ಇಲ್ಲ. ದಿನವಿಡೀ ಡಾಂಬರಿನ ಮೇಲೆ ದುಡಿಯುವ ಒಂದೇ ಕುದುರೆಯನ್ನು ನಂಬಿರುವವರು, ಕೆಲವು ವಾರ ಅದಕ್ಕೆ ಹಗುರ ಕೆಲಸ ಕೊಡಲು ಸಾಧ್ಯವಿದ್ದರೆ ಮಾತ್ರ ಲಾಳ ಬಿಚ್ಚಿಸಲಿ. ಸಾಧ್ಯವಿಲ್ಲದಿದ್ದರೆ ಇವರಿಂದಲೇ ಗೊರಸು ಸಮ ಮಾಡಿಸಿ, ಅಳತೆಗೆ ಸರಿಯಾದ ಲಾಳ ಹಾಕಿಸಿಕೊಳ್ಳಬಹುದು, ಅದನ್ನೂ ಅವರು ಅಷ್ಟೇ ಅಚ್ಚುಕಟ್ಟಾಗಿ ಮಾಡುತ್ತಾರೆ.