ಎಕ್ಸೆಲ್‌ನ ಆಟೋಫಿಟ್: ದಲಾಲಿ ಅಂಗಡಿಯ ಗುಮಾಸ್ತನೊಬ್ಬನ ಅಭಿಪ್ರಾಯ

ಬ್ಯಾಡಗಿ ಮಾರ್ಕೆಟ್‌ನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಮೆಣಸಿನಕಾಯಿ ಸೀಸನ್ ಬಂತಂದ್ರೆ ರೈತರ ಹೆಸರು, ಊರು, ಚೀಲ, ತೂಕ, ರೇಟು ಎಲ್ಲಾ ಎಕ್ಸೆಲ್‌ನಲ್ಲೇ. ಪ್ರಿಂಟ್ ತೆಗೆದು ಕೈಗೆ ಕೊಡಬೇಕು. ಊರಿನ ಹೆಸರು ಅರ್ಧಕ್ಕೇ ನಿಂತಿದ್ದರೆ "ಏ ತಮ್ಮಾ, ನಮ್ಮೂರಿನ ಬಾಲ ಎಲ್ಲಿ ಹೋತು?" ಅಂತ ಕೇಳುವವರಿದ್ದಾರೆ. ರೇಟಿನ ಕಾಲಂ ಸಣ್ಣದಾದರೆ ಅಂಕಿಯ ಬದಲು ಹ್ಯಾಶ್ ಗುರುತುಗಳ ಸಾಲೇ ಬರುತ್ತದೆ. ಅದು ನೇರ ಜಗಳಕ್ಕೇ ದಾರಿ.

ಇದಕ್ಕೆ ಮದ್ದು ಆಟೋಫಿಟ್. ಕಾಲಂ ತಲೆಯ ಬಲಗಡೆ ಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು. ಆ ಕಾಲಂನಲ್ಲಿ ಎಲ್ಲಕ್ಕಿಂತ ಅಗಲ ಇರುವುದು ಯಾವುದೋ, ಅದಕ್ಕೆ ಸರಿಯಾಗಿ ಜಾಗ ಬಿಡುತ್ತದೆ.

ನನಗೆ ಇದು ಹಿಡಿಸಿದ್ದು ಕನ್ನಡದ ಕಾರಣಕ್ಕೆ. ಕೆಲವರು ಅಕ್ಷರ ಎಣಿಸುವ ಲೆನ್ ಫಾರ್ಮುಲಾ ಹಾಕಿ, ಅದರಲ್ಲಿ ಮ್ಯಾಕ್ಸ್, ಅಂದ್ರೆ ಎಲ್ಲಕ್ಕಿಂತ ದೊಡ್ಡ ಅಂಕಿ ತೆಗೆದು, ಅಷ್ಟಗಲ ಕಾಲಂ ಇಡುತ್ತಾರೆ. ಇಂಗ್ಲಿಷಿಗೆ ಹೆಚ್ಚುಕಡಿಮೆ ನಡೆಯುತ್ತದೆ, ನಮಗೆ ನಡೆಯಲ್ಲ. ಲಕ್ಷ್ಮೇಶ್ವರ ಅನ್ನೋ ಊರಿನ ಹೆಸರಿಗೆ ಲೆನ್ 11 ಅನ್ನುತ್ತದೆ, ಕದರಮಂಡಲಗಿಗೆ ಬರೀ 9. ಕಾಗದದ ಮೇಲೆ ನೋಡಿ, ಕದರಮಂಡಲಗಿಯೇ ಉದ್ದ ಅಲ್ವಾ? ಲೆನ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ಅಂದ್ರೆ ಕಂಪ್ಯೂಟರ್ ಒಳಗೆ ಅಕ್ಷರ, ಚಿಹ್ನೆಗಳನ್ನು ಬರೆದಿಡುವ ಸಂಕೇತಗಳನ್ನು. 'ಕ್ಷ್ಮೇ' ಒಂದರಲ್ಲೇ ಆರು ಇವೆ: ಕ, ಷ, ಮ, ನಡುವೆ ಎರಡು ಹಲಂತ (ಒತ್ತಕ್ಷರ ಕೂಡಿಸುವ ಗುರುತು), ಮೇಲೊಂದು ಸ್ವರಚಿಹ್ನೆ. ಒತ್ತುಗಳು ಕೆಳಗೆ ಕೂತುಬಿಡುತ್ತವೆ, ಅಗಲ ಜಾಸ್ತಿ ತಿನ್ನಲ್ಲ. ಆಟೋಫಿಟ್ ಈ ಎಣಿಕೆಗೇ ಹೋಗಲ್ಲ. ಆ ಫಾಂಟ್‌ನಲ್ಲಿ ಬರಹ ಎಷ್ಟು ಜಾಗ ಹಿಡಿಯುತ್ತದೆ ಅಂತ ಅಳೆಯುತ್ತದೆ. ಹಾಗಾಗಿ ಫಾಂಟ್ ಬದಲಾಯಿಸಿದರೆ ಮತ್ತೆ ಕ್ಲಿಕ್ ಮಾಡಲೇಬೇಕು.

ಕೊರತೆಗಳೂ ಇವೆ. ಮರ್ಜ್ ಮಾಡಿದ, ಅಂದ್ರೆ ಸೇರಿಸಿ ಒಂದು ಮಾಡಿದ ಸೆಲ್‌ಗಳನ್ನು (ಹಾಳೆಯ ಚೌಕಗಳನ್ನು) ಇದು ಲೆಕ್ಕಕ್ಕೇ ತಗೊಳ್ಳಲ್ಲ. ಮರ್ಜ್ ಮಾಡದೆ ಮೊದಲ ಸೆಲ್‌ನಲ್ಲಿ ಅಂಗಡಿ ಹೆಸರು, ವಿಳಾಸ ಎಲ್ಲಾ ಬರೆದಿದ್ದರೆ, ಸುಮ್ನೆ ಕ್ರಮಸಂಖ್ಯೆಯ ಕಾಲಂ ಅರ್ಧ ಹಾಳೆ ನುಂಗುತ್ತದೆ. ಅದಕ್ಕೊಂದು ಉಪಾಯ ಇದೆ. ತಲೆಬರಹ ಬಿಟ್ಟು ಕೆಳಗಿನ ಸಾಲುಗಳನ್ನಷ್ಟೇ ಸೆಲೆಕ್ಟ್ ಮಾಡಿ, ಆಲ್ಟ್, ಎಚ್, ಒ, ಐ (Alt, H, O, I) ಕೀಗಳನ್ನು ಒಂದಾದ ಮೇಲೊಂದು ಒತ್ತಿ. ಆಗ ಆಯ್ದ ಸೆಲ್‌ಗಳ ಬರಹವನ್ನಷ್ಟೇ ಅಳೆಯುತ್ತದೆ. ಇನ್ನು, ಆಮೇಲೆ ಉದ್ದದ ಹೆಸರು ಟೈಪ್ ಮಾಡಿದರೆ ಕಾಲಂ ತಾನಾಗಿ ಹಿಗ್ಗಲ್ಲ. ಸಂತೆಯ ಗದ್ದಲದಲ್ಲಿ ಇದು ಕಿರಿಕಿರಿ.

ಪ್ರಿಂಟರ್‌ಗೂ ಸ್ಕ್ರೀನ್‌ಗೂ ಅಳತೆಯಲ್ಲಿ ಒಂದು ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತದೆ. ಊರಿನ ಕಾಲಂ ಅನ್ನು ಕೈಯಿಂದ ಇನ್ನೊಂಚೂರು ಎಳೆದೇ ಪ್ರಿಂಟ್ ಕೊಡಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು.