ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ತಿದ್ದೀರಾ? ಅಂಗಡಿಯಲ್ಲೇ ರೀಸೆಟ್ ಮಾಡಿಸಿ ನೋಡಿ

ಕಂಪನಿಗಳು ಬಳಸಿ ಬಿಟ್ಟ ಚಿಕ್ಕ ಲ್ಯಾಪ್‌ಟಾಪ್‌ಗಳು ಈಗ ಎಲ್ಲ ಕಡೆ ಸಿಗುತ್ತವೆ. ರೇಟೂ ಕಡಿಮೆ, ಮಾಲೂ ಗಟ್ಟಿ. ತಗೋಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಅವುಗಳಲ್ಲಿ ಕೆಲವಕ್ಕೆ ಹಳೇ ಕಂಪನಿಯ ಲಾಕ್ ಅನ್ನುವ ತೊಡಕು ಅಂಟಿಕೊಂಡಿರುತ್ತದೆ. ಬ್ಯಾಟರಿ ನೋಡಿದರೂ ಕಾಣಲ್ಲ, ಕೀಬೋರ್ಡ್ ಒತ್ತಿ ನೋಡಿದರೂ ಕಾಣಲ್ಲ. ಅದು ಹೊರಗೆ ಬರುವ ಹೊತ್ತಿಗೆ ಅಂಗಡಿಯವರ ವಾರಂಟಿ ಮುಗಿದಿರುತ್ತದೆ.

ಲ್ಯಾಪ್‌ಟಾಪ್ ಬೇಕಾಗಿದ್ದು ನನ್ನ ತಂಗಿಗೆ. ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಾಳೆ. ಸೀಟು ಸಿಕ್ಕರೆ ತೊಡೆ ಮೇಲಿಟ್ಟು ಕೆಲಸ ಮಾಡುವಷ್ಟು ಚಿಕ್ಕದಿರಬೇಕು, ಸಿಗದಿದ್ದರೆ ನಿಂತೇ ಹೋಗುವಾಗ ಹೆಗಲಿಗೆ ಭಾರ ಆಗಬಾರದು. ಎಕ್ಸೆಲ್, ಟ್ಯಾಲಿ ನಡೆಯಬೇಕು. ಒಂದು ಸಹಕಾರ ಸಂಘದ ಲೆಕ್ಕಪತ್ರವನ್ನೂ ನೋಡಿಕೊಳ್ಳುವುದರಿಂದ ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್ ಬೇಕೇ ಬೇಕು, ಯಾಕೆಂದರೆ ಅಲ್ಲಿನ ಹಳೇ ಕಡತಗಳೆಲ್ಲ ನುಡಿ ಫಾಂಟ್‌ನಲ್ಲೇ ಇವೆ. ಬಜೆಟ್ 20 ಸಾವಿರ.

ಹೊಸದೇ ತಗೋಬಹುದಿತ್ತಲ್ವಾ ಅಂತ ಕೇಳಬಹುದು. ಆ ರೇಟಿಗೆ ಸಿಗುವ ಹೊಸ 11.6 ಇಂಚಿನವನ್ನು ನೋಡಿದೆವು. ಹೆಚ್ಚಿನವು ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಫೈಲು ಇಡುವ ಚಿಪ್). ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಲೆಕ್ಕವೇ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಅಂದರೆ ಪೆಟ್ಟಿಗೆ ಬಿಚ್ಚಿದ ದಿನವೇ ಅದು ಏದುಸಿರು ಬಿಡುತ್ತಿರುತ್ತದೆ. ಮುಂದೆ ಜಾಸ್ತಿ ಮಾಡೋಣ ಅಂದರೆ ಇಎಂಎಂಸಿ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ರ‍್ಯಾಮೂ ಸಾಮಾನ್ಯವಾಗಿ ಹಾಗೇ. ಜಾಹೀರಾತಿನಲ್ಲಿ ದೊಡ್ಡದಾಗಿ 1 ಟಿಬಿ ಅಂತ ಕಂಡರೆ ಪೂರ್ತಿ ಓದಿ, ಅದು ಒಂದು ವರ್ಷದ ಕ್ಲೌಡ್ ಜಾಗ ಇದ್ದರೂ ಇರಬಹುದು. ವಿಂಡೋಸ್ ಬದಲು ಗೂಗಲ್‌ನ ಸಿಸ್ಟಮ್ ಇರುವ ಕ್ರೋಮ್‌ಬುಕ್‌ನಲ್ಲಿ ಟ್ಯಾಲಿಯೂ ಇಲ್ಲ, ನುಡಿಯೂ ಇಲ್ಲ. ಹಾಗಾಗಿ ಕಂಪನಿ ಮಾಲೇ ಸರಿ ಅನ್ನಿಸಿತು. ಆ ಲೆಕ್ಕ ಈಗಲೂ ಸರಿಯೇ.

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ 12.5 ಇಂಚಿನ ಪೀಸ್ ಸಿಕ್ಕಿತು. 8ನೇ ಜನರೇಷನ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ತೂಕ ಒಂದೂಕಾಲು ಕೆಜಿ ಒಳಗೆ. "ಲೀಸ್ ಮುಗಿದ ಮಾಲು ಸಾರ್, ಎ ಗ್ರೇಡ್, ಬೋರ್ಡ್ ಬಿಚ್ಚೇ ಇಲ್ಲ" ಅಂದರು. 19,500 ರೂಪಾಯಿ, ಒಂದು ವಾರ ಟೆಸ್ಟಿಂಗ್ ವಾರಂಟಿ. ಜನರೇಷನ್ ನೋಡದೆ ಸುಮ್ನೆ ಐ5 ಅಂತ ತಗೋಬಾರದು ಅನ್ನುವುದು ನಮಗೆ ಗೊತ್ತಿತ್ತು. ಐ5 ಪಕ್ಕದ ನಾಲ್ಕಂಕಿ ನಂಬರ್ 6 ಅಥವಾ 7ರಿಂದ ಶುರುವಾದರೆ, ಅಂದರೆ 6 ಅಥವಾ 7ನೇ ಜನರೇಷನ್ ಆದರೆ, ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಇಲ್ಲ ಅಂತಲೇ ಇಟ್ಟುಕೊಳ್ಳಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಬ್ಯಾಟರಿ ರಿಪೋರ್ಟನ್ನೂ ತೆಗೆಸಿದೆವು. ಹೊಸದರಲ್ಲಿ 42 ವ್ಯಾಟ್‌ಅವರ್ ಇದ್ದ ಸಾಮರ್ಥ್ಯ 33ಕ್ಕೆ ಇಳಿದಿತ್ತು. ಹಳೇ ಮಾಲಿಗೆ ಚೆನ್ನಾಗೇ ಇದೆ. ಸ್ಕ್ರೀನು, ಕ್ಯಾಮೆರಾ, ಪೋರ್ಟು ಎಲ್ಲ ಸರಿ ಇತ್ತು.

ಕೆಲವು ತಿಂಗಳು ಏನೂ ತೊಂದರೆ ಆಗಲಿಲ್ಲ. ಆಮೇಲೆ ಒಂದು ಅಪ್‌ಡೇಟ್ ಅರ್ಧಕ್ಕೆ ನಿಂತು, ನೀಲಿ ಸ್ಕ್ರೀನ್ ಬರಲು ಶುರುವಾಯಿತು. ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡು ತಂಗಿ ರೀಸೆಟ್ ಒತ್ತಿದಳು. ಎಲ್ಲ ಅಳಿಸಿ ಮತ್ತೆ ಶುರುವಾಯಿತು. ದೇಶ ಕೇಳಿತು, ಕೀಬೋರ್ಡ್ ಕೇಳಿತು, ವೈಫೈ ಪಾಸ್‌ವರ್ಡ್ ಕೇಳಿತು. ವೈಫೈ ಸಿಕ್ಕಿದ್ದೇ ತಡ, ನಾವು ಕೇಳೇ ಇರದ ಒಂದು ಕಂಪನಿಯ ಲೋಗೋ ಬಂತು. ಕೆಳಗೆ "ಸ್ವಾಗತ, ನಿಮ್ಮ ಆಫೀಸ್ ಇಮೇಲ್ ಹಾಕಿ" ಅನ್ನುವ ಅರ್ಥದ ಸಾಲು. ಮುಂದೆ ಹೋಗಲು ಬೇರೆ ಬಟನ್ನೇ ಇಲ್ಲ. "ಅಣ್ಣಾ, ಇದು ಯಾರದ್ದೋ ಲ್ಯಾಪ್‌ಟಾಪ್ ಕಣೋ" ಅಂತ ಫೋನ್ ಮಾಡಿದಳು. ಕದ್ದ ಮಾಲಿರಬಹುದಾ ಅನ್ನುವುದೇ ಅವಳ ಭಯ.

ವಿಷಯ ಏನೆಂದರೆ, ದೊಡ್ಡ ಕಂಪನಿಗಳು ನೂರಾರು ಲ್ಯಾಪ್‌ಟಾಪ್ ಒಟ್ಟಿಗೇ ತಗೊಳ್ಳುತ್ತವೆ. ಒಂದೊಂದನ್ನೇ ಕೂತು ಸೆಟಪ್ ಮಾಡುವ ಬದಲು ಮೈಕ್ರೋಸಾಫ್ಟ್‌ನ ಆಟೋಪೈಲಟ್ ಅನ್ನುವ ವ್ಯವಸ್ಥೆಯಲ್ಲಿ ಅವನ್ನೆಲ್ಲ ತಮ್ಮ ಹೆಸರಿಗೆ ನೋಂದಾಯಿಸಿಬಿಡುತ್ತವೆ. ವಿಂಡೋಸ್ ಹೊಸದಾಗಿ ಶುರುವಾಗಿ ಇಂಟರ್ನೆಟ್ ಸಿಕ್ಕ ತಕ್ಷಣ, ಮೈಕ್ರೋಸಾಫ್ಟ್ ಸರ್ವರ್ ಇದು ಇಂಥ ಕಂಪನಿಯದ್ದು ಅಂತ ಗುರುತು ಹಿಡಿಯುತ್ತದೆ. ಆ ಗುರುತು ಹಾರ್ಡ್‌ವೇರ್‌ಗೆ ಅಂಟಿರುವುದು. ಎಸ್‌ಎಸ್‌ಡಿ ಬದಲಿಸಿದರೂ, ಪೆನ್‌ಡ್ರೈವ್‌ನಿಂದ ಬೇರೆ ವಿಂಡೋಸ್ ಹಾಕಿದರೂ ಹೆಸರು ಮಾತ್ರ ಕಂಪನಿಯ ಪಟ್ಟಿಯಲ್ಲೇ ಇರುತ್ತದೆ. ಗಾಡಿ ನಿಮ್ಮ ಮನೆ ಮುಂದೆ ನಿಂತಿದ್ದರೂ ಆರ್‌ಸಿ ಹಳೇ ಓನರ್ ಹೆಸರಲ್ಲೇ ಇದ್ದ ಹಾಗೆ. ಮಾರುವಾಗ ಪಟ್ಟಿಯಿಂದ ತೆಗೆಯಬೇಕಾದ್ದು ಆ ಕಂಪನಿಯ ಕೆಲಸ. ಗುಜರಿಗೆ ಲಾಟ್ ಲೆಕ್ಕದಲ್ಲಿ ಕೊಟ್ಟು ಕೈತೊಳೆದುಕೊಳ್ಳುವವರು ಅದನ್ನು ಮರೆತರೆ ಕೇಳುವವರಿಲ್ಲ. ಹಾಗಾಗಿ ಇಂಥ ಸ್ಕ್ರೀನ್ ಬಂದ ಮಾತ್ರಕ್ಕೆ ಕದ್ದ ಮಾಲು ಅಂತ ಹೇಳಲಾಗುವುದಿಲ್ಲ. ಅಲ್ಲ ಅಂತಲೂ ಹೇಳಲಾಗುವುದಿಲ್ಲ!

ಹಾಗಾದರೆ ಅಷ್ಟು ತಿಂಗಳು ಹೇಗೆ ನಡೆಯಿತು? ಇಂಟರ್ನೆಟ್ ಇಲ್ಲದೆ ಸೆಟಪ್ ಮುಗಿಸಿದರೆ ಈ ಪ್ರಶ್ನೆಯೇ ಬರುವುದಿಲ್ಲ. ಅಂಗಡಿಯವರಿಗೆ ಆ ಅಡ್ಡದಾರಿ ಚೆನ್ನಾಗಿ ಗೊತ್ತು. ನಾವು ತಗೊಂಡು ಹೋದಾಗ ಅಲ್ಲಿದ್ದ ಹುಡುಗ ಸ್ವಲ್ಪವೂ ಆಶ್ಚರ್ಯಪಡಲಿಲ್ಲ. ಏನೋ ಎರಡು ಸಾಲು ಟೈಪ್ ಮಾಡಿದ, ವೈಫೈ ಇಲ್ಲದೆ ಸೆಟಪ್ ಮುಗಿಸಿದ, ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿದ. "ಆಯ್ತು ಮೇಡಂ. ಇನ್ಮೇಲೆ ರೀಸೆಟ್ ಮಾತ್ರ ಮಾಡ್ಬೇಡಿ."

ಅಂದರೆ ಅವನಿಗೆ ಮೊದಲೇ ಗೊತ್ತಿತ್ತು. ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಓನರ್ ಹತ್ತಿರ ಮಾತಾಡಿದರೆ "ಸಾಫ್ಟ್‌ವೇರ್‌ಗೆ ವಾರಂಟಿ ಬರಲ್ಲ ಸಾರ್" ಅಂದರು. ಇದು ಸಾಫ್ಟ್‌ವೇರ್ ಕಥೆ ಅಲ್ಲ, ಒಡೆತನದ ಕಥೆ. ಬಿಲ್ ತೆಗೆದು ನೋಡಿದರೆ "ಲ್ಯಾಪ್‌ಟಾಪ್ – 1" ಅಂತಷ್ಟೇ ಇತ್ತು. ಸೀರಿಯಲ್ ನಂಬರ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಸ್ಕ್ರೀನಿನಲ್ಲಿ ಕಂಡ ಕಂಪನಿಗೆ ಮೇಲ್ ಹಾಕಿದೆವು, ಉತ್ತರ ಬರಲಿಲ್ಲ. ಕಡೆಗೆ 1915, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡುತ್ತೇವೆ ಅಂದ ಮೇಲೆ ಬದಲಿಸಿಕೊಡಲು ಒಪ್ಪಿದರು. ಅದೂ ಮೇಲೆ 1,500 ರೂಪಾಯಿ ತಗೊಂಡು. ಚಿಕ್ಕದು ಸ್ಟಾಕ್ ಇರಲಿಲ್ಲ, 14 ಇಂಚಿನದೇ ಗತಿ ಆಯಿತು. ತಂಗಿ ಈಗಲೂ ಅದನ್ನು ಹೊತ್ತುಕೊಂಡು ಬೈಯುತ್ತಾಳೆ.

ಈ ಸಲ ಮಾತ್ರ ದುಡ್ಡು ಕೊಡುವ ಮುಂಚೆ ಅಲ್ಲೇ ಕೂತು ರೀಸೆಟ್ ಮಾಡಿಸಿದೆವು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ರಿಕವರಿ, ರೀಸೆಟ್ ದಿಸ್ ಪಿಸಿ. ಎಲ್ಲ ಅಳಿಸುವ ಆಯ್ಕೆಯನ್ನೇ ಒತ್ತಬೇಕು, ಚಾರ್ಜರ್ ಹಾಕಿರಬೇಕು. ಟೈಮ್ ಹಿಡಿಯುತ್ತದೆ, ಹೋಗಿ ಒಂದು ಕಾಫಿ ಕುಡಿದು ಬನ್ನಿ. ಆದರೆ ನೆಟ್ ಕೇಳುವ ಹೊತ್ತಿಗೆ ನೀವು ಎದುರಿಗಿರಬೇಕು. ಅಂಗಡಿಯ ವೈಫೈ ಬೇಡ, ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಡಿ. ಸ್ವಂತಕ್ಕಾ, ಆಫೀಸಿಗಾ ಅಂತ ಕೇಳಿದರೆ ಸರಿ. ಯಾವುದೋ ಕಂಪನಿಯ ಹೆಸರು ಬಂದರೆ ಎದ್ದು ಬನ್ನಿ. "ರೀಸೆಟ್ ಮಾಡೋಕಾಗಲ್ಲ, ವಿಂಡೋಸ್ ಹೋಗ್ಬಿಡುತ್ತೆ" ಅನ್ನುವ ಅಂಗಡಿಯಿಂದಲೂ ಎದ್ದು ಬನ್ನಿ.

ಹಾಗೇ ಬಯೋಸ್, ಅಂದರೆ ವಿಂಡೋಸ್‌ಗಿಂತ ಮುಂಚೆ ಶುರುವಾಗುವ ಸೆಟ್ಟಿಂಗ್ಸ್, ಅದರ ಒಳಗೂ ಹೋಗಿ ನೋಡಿ. ಆನ್ ಮಾಡುವಾಗ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಪಾಸ್‌ವರ್ಡ್ ಕೇಳಿದರೆ ಬೇಡ. ಅಲ್ಲಿ ಕಂಪ್ಯೂಟ್ರೇಸ್ ಅಥವಾ ಆ್ಯಬ್ಸಲ್ಯೂಟ್ ಅನ್ನುವುದು ಆ್ಯಕ್ಟಿವೇಟ್ ಆಗಿದ್ದರೂ ಬೇಡ, ಅದು ಕಳೆದುಹೋದ ಲ್ಯಾಪ್‌ಟಾಪ್ ಪತ್ತೆ ಮಾಡುವ ವ್ಯವಸ್ಥೆ. ಬಯೋಸ್‌ನಲ್ಲಿರುವ ಸೀರಿಯಲ್ ನಂಬರೂ ಹಿಂದಿನ ಸ್ಟಿಕ್ಕರಿನದ್ದೂ ಒಂದೇ ಇರಬೇಕು. ಹಳೇ ಮ್ಯಾಕ್‌ಬುಕ್ ಏರ್, ಶಾಲೆಗಳಿಂದ ಬಂದ ಕ್ರೋಮ್‌ಬುಕ್ ತಗೊಳ್ಳುವವರಿಗೂ ಇದೇ ಮಾತು, ಅವಕ್ಕೂ ಇಂಥದ್ದೇ ಬೀಗಗಳಿವೆ.

ಚಿಕ್ಕದೇ ಬೇಕು ಅನ್ನುವವರು ಡೆಲ್ ಲ್ಯಾಟಿಟ್ಯೂಡ್ 7290, ಎಚ್‌ಪಿ ಎಲೀಟ್‌ಬುಕ್ 830 ಜಿ5 ಹುಡುಕಿ, ಎರಡರಲ್ಲೂ ರ‍್ಯಾಮ್ ಬದಲಿಸಬಹುದು. ಥಿಂಕ್‌ಪ್ಯಾಡ್ ಎಕ್ಸ್280 ಹಗುರ, ಆದರೆ ಅದರ ರ‍್ಯಾಮ್ ಬೆಸುಗೆಯದ್ದು, 8 ಜಿಬಿ ಇರುವುದನ್ನೇ ನೋಡಿ. ಯಾವುದೇ ಆಗಲಿ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ, ಅದರ ಕೆಳಗೇ "ಕಂಪನಿ ಲಾಕ್ ಬಂದರೆ ವಾಪಸ್" ಅಂತ ಒಂದು ಸಾಲು ಬರೆಸಿ ಸೀಲ್ ಹಾಕಿಸಿಕೊಳ್ಳಿ. ಒಳ್ಳೇ ಅಂಗಡಿಯವರು ಬರೆದುಕೊಡುತ್ತಾರೆ.